ನಮ್ಮ ಅಡಿಗಲ್ಲಿನ ವಯಸ್ಸು

ಹಲಗೇರಿ,
೧೨ ಫೆಬ್ರವರಿ ೨೦೨೫

ಪ್ರೀತಿಯ ಅಪ್ಪಾ,

ನಿನ್ನ ಮಗಳು ಅರುಣಾ ದೂರದಿಂದಲೇ ಕಾಲಿಗೆರಗಿ ಬರೆಯುವುದು. ಹೇಗಿದ್ದೀ? ಮೊಣಕಾಲಿನ ಬಾವು ಇಳಿಯಿತೇ? ಕದರಮಂಡಲಗಿಯಲ್ಲಿ ದಿನಾ ಬೆಳಿಗ್ಗೆ ಆಂಜನೇಯನ ಗುಡಿಗೆ ನಡೆದುಕೊಂಡೇ ಹೋಗುತ್ತೀಯಂತೆ, ಹೋಗು, ಬೇಡ ಎನ್ನುವುದಿಲ್ಲ. ಆದರೆ ಬರುವಾಗ ಯಾರಾದರೂ ಬೈಕಿನವರು ಸಿಕ್ಕರೆ ಹತ್ತಿಕೊಂಡು ಬಾ. ಗುತ್ತೆವ್ವ ಅತ್ತೆ ಚಹಾಕ್ಕೆ ಸಕ್ಕರೆ ಸುರಿಯುವ ಕೈಯವಳು, ಅಣ್ಣ ಬಂದಿದ್ದಾನೆಂದು ಇನ್ನೆರಡು ಚಮಚ ಹೆಚ್ಚೇ ಹಾಕಿರುತ್ತಾಳೆ. ನಿನ್ನ ಗುಳಿಗೆಗಳನ್ನು ತಮ್ಮ ಮಾಲತೇಶ ಕಳೆದ ವಾರ ಕೊಟ್ಟು ಬಂದನಲ್ಲ, ಬಿಳಿಯದು ಊಟಕ್ಕೆ ಮುಂಚೆ, ಹಳದಿಯದು ಊಟವಾದ ಮೇಲೆ. ಅವ್ವ ಆರಾಮಾಗಿದ್ದಾಳೆ. ನಿನ್ನ ಮೇಲೆ ಸಿಟ್ಟೇನೂ ಇಲ್ಲವಂತೆ. ಆದರೆ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಝಾಡಿಸಿ, ಮಡಚಿ ಅಟ್ಟದ ಮೇಲೆ ಇಟ್ಟಿದ್ದಾಳೆ. ಯಾಕವ್ವಾ ಎಂದು ಕೇಳಿದರೆ, "ಬಂದಾವ ಕೇಳಲಿ, ಕೊಡತೇನಿ" ಎನ್ನುತ್ತಾಳೆ.

ಫೋನಿನಲ್ಲಿ ಹೇಳುವ ಮಾತಲ್ಲವೆಂದು ಕಾಗದ ಹಿಡಿದೆ. ಫೋನು ಮಾಡಿದರೆ ನೀನು "ಹಾಂ? ಹಾಂ?" ಎನ್ನುತ್ತೀ, ನಾನು ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತೇನೆ, ನಡುವೆ ಅತ್ತೆ ಫೋನು ಕಸಿದುಕೊಂಡು ತನ್ನ ಸೊಸೆಯ ಸುದ್ದಿ ಶುರು ಮಾಡುತ್ತಾಳೆ. ಐವತ್ತೈದು ವರ್ಷ ಕಬ್ಬಿಣದ ಮೇಲೆ ಕಬ್ಬಿಣ ಬಡಿದ ಕಿವಿ ನಿನ್ನದು, ನಾನು ಅದನ್ನು ದೂರುವುದಿಲ್ಲ. ನನ್ನ ಎಡಗಿವಿಯೂ ಈಗೀಗ ಅದೇ ದಾರಿ ಹಿಡಿದಿದೆ. ಆದರೆ ಒಂದು ಮಾತು ಹೇಳಲೇ? ನಿನಗೆ ಬೇಡವಾದ ಮಾತು ಬಂದಾಗ ಆ ಕಿವಿ ಇನ್ನೂ ಸ್ವಲ್ಪ ಹೆಚ್ಚೇ ಕಿವುಡಾಗುತ್ತದೆ. ಕಾಗದದ ಮುಂದೆ ಆ ಆಟ ನಡೆಯುವುದಿಲ್ಲ. ಕನ್ನಡಕ ಹಾಕಿಕೊಂಡು ಓದು. ತಪ್ಪಾಯಿತು ಎಂದು ಬರೆದಿರಬೇಕು ಎಂದುಕೊಂಡಿದ್ದರೆ ಮೊದಲೇ ತಿಳಿಸಿಬಿಡುತ್ತೇನೆ, ಹಾಗೆ ಬರೆದಿಲ್ಲ. ಬರೆಯುವುದೂ ಇಲ್ಲ.

ನೀನು ಬಸ್ಸು ಹತ್ತಿ ಹೋಗಿ ಐವತ್ತು ದಿನದ ಮೇಲಾಯಿತು. ಹೋದ ದಿನ ಏನಾಯಿತೆಂದು ನಿನಗೆ ನೆನಪಿದೆಯೋ, ಸಿಟ್ಟಷ್ಟೇ ನೆನಪಿದೆಯೋ ಗೊತ್ತಿಲ್ಲ, ಅದಕ್ಕೇ ಬರೆಯುತ್ತೇನೆ. ಡಿಸೆಂಬರಿನಲ್ಲಿ ಹಾವೇರಿಯಲ್ಲಿ ನಮ್ಮ ಕಮ್ಮಾರರ ಸಂಘದ ಸಭೆಗೆ ಹೋದವನು ಹಾರ ಹಾಕಿಸಿಕೊಂಡು ಬಂದೆ. ಹಾರ ತೆಗೆಯದೆಯೇ ಕುಲುಮೆಗೆ ಬಂದು ನಿಂತೆ. ನಾನು ಆಗ ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲಿಟ್ಟು ಬಡಿದು ಬ್ಯಾಡಗಿ ಮಾರ್ಕೆಟ್ಟಿನ ಹಮಾಲರಿಗೆ ಚೀಲ ಎತ್ತುವ ಕೊಕ್ಕೆ ಬಗ್ಗಿಸುತ್ತಿದ್ದೆ. "ಸಂಘದ ಹೊಸ ಹಾಲಿಗೆ ನಮ್ಮ ಅಡಿಗಲ್ಲು ಕೊಟ್ಟು ಬಂದೆ. ನಾನೂರು ವರ್ಸದ ಅಡಿಗಲ್ಲು, ಗಾಜಿನ ಪೆಟ್ಟಿಗ್ಯಾಗ ಇಡತಾರ. ನನ್ನ ಹೆಸರು ಕಲ್ಲಿನಾಗ ಕೆತ್ತಸತಾರ" ಎಂದೆ. ನಾನು ಸುತ್ತಿಗೆ ಎತ್ತಿದ್ದೆ, ಎತ್ತಿದಲ್ಲೇ ನಿಂತಿತು. ಯಾವ ಅಡಿಗಲ್ಲಿನ ಮೇಲೆ ನನ್ನ ಕೊಕ್ಕೆ ಕೆಂಪಗೆ ಕುಳಿತಿತ್ತೋ ಅದನ್ನೇ ನೀನು ಕೊಟ್ಟು ಬಂದಿದ್ದೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ನಿನ್ನ ಕೈಗೆ ನಡುಕ ಬಂದ ಮೇಲೆ ಒಂಬತ್ತು ವರ್ಷ ಈ ಕುಲುಮೆಯ ಬೆಂಕಿ ಆರದಂತೆ ನೋಡಿಕೊಂಡವಳು ನಾನು ಎಂಬುದು ಆ ಹಾರದ ಕೆಳಗೆ ನಿನಗೆ ನೆನಪಾಗಲಿಲ್ಲ.

ಆದರೂ ನಾನು ಕೊಡುವುದಿಲ್ಲ ಎಂದು ಅನ್ನಲಿಲ್ಲ, ಅಪ್ಪಾ. ನಾನು ಅಂದದ್ದು ಇಷ್ಟೇ. "ಮೊದಲ ಅದರ ವಯಸ್ಸು ಗೊತ್ತು ಮಾಡಸೋಣು. ಖರೇನ ಪಾಳೆಯಗಾರರ ಕಾಲದ್ದಾದ್ರ ನಾನ ಎತ್ತಿ ಗಾಡಿಗೆ ಹಾಕತೇನಿ." ಸಣ್ಣವಳಿದ್ದಾಗಿನಿಂದ ನಿನ್ನ ಬಾಯಿಂದ ಆ ಕಥೆ ಕೇಳಿದವಳು ನಾನು. ಪಾಳೆಯಗಾರನ ಕುದುರೆಗಳು ನಮ್ಮ ಮನೆಯ ಮುಂದೆ ಸಾಲಾಗಿ ನಿಲ್ಲುತ್ತಿದ್ದವು, ನಮ್ಮ ಹಿರಿಯರು ಒಂದೇ ವಾರದಲ್ಲಿ ನೂರು ಕತ್ತಿ ಮಾಡಿಕೊಟ್ಟರು, ಮೆಚ್ಚಿದ ಪಾಳೆಯಗಾರ ಈ ಅಡಿಗಲ್ಲನ್ನು ಆನೆಯ ಮೇಲೆ ಹೇರಿ ಕಳಿಸಿದ. ಕನ್ನಡ ಶಾಲೆಯಲ್ಲಿ ಗೆಳತಿಯರ ಮುಂದೆ ಅದನ್ನು ನಾನು ಎಷ್ಟು ಸಲ ಹೇಳಿದ್ದೇನೋ! ಆದ್ದರಿಂದ ಪರೀಕ್ಷೆ ಮಾಡಿಸೋಣ ಎಂದಾಗ ನನ್ನ ಮನಸ್ಸಿನಲ್ಲಿ ನಿನ್ನನ್ನು ಸುಳ್ಳುಗಾರ ಮಾಡುವ ಯೋಚನೆ ಇರಲಿಲ್ಲ. ಆದರೆ ನೀನು ಹಾರವನ್ನು ಕಿತ್ತು ಕಬ್ಬಿಣ ಅದ್ದುವ ನೀರಿನ ಬಾನಿಯೊಳಗೆ ಎಸೆದೆ. "ನನ್ನ ಮಾತಿಗೆ ದಾಖಲಿ ಕೇಳತಿ? ನನ್ನ ಮಗಳಾಗಿ?" ಎಂದೆ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ತಂಗಿಯ ಮನೆಗೆ ಹೋದೆ. ಅಷ್ಟು ಸಿಟ್ಟು ಯಾಕೆ ಬಂತೆಂದು ನನಗೆ ಆಗ ತಿಳಿಯಲಿಲ್ಲ, ಈಗಲೂ ಪೂರಾ ತಿಳಿದಿಲ್ಲ.

ನೀನು ಹೋದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಒಂದು ಅಮಾವಾಸ್ಯೆಯ ದಿನ, ಹೇಗೂ ಬೆಂಕಿ ಹಾಕುವುದಿಲ್ಲವಲ್ಲ, ಅಡಿಗಲ್ಲನ್ನು ಮರದ ದಿಮ್ಮಿಯಿಂದ ಇಳಿಸಿದೆವು. ಮಾಲತೇಶ ಒಂದು ಕಡೆ, ನಾನೊಂದು ಕಡೆ. ಹೆಸರಿಗೆ ಕಲ್ಲು, ಇರುವುದೆಲ್ಲ ಕಬ್ಬಿಣ, ಬೆನ್ನು ಮುರಿಯಿತು. ಸೀಮೆಎಣ್ಣೆ ಹಚ್ಚಿ ತಂತಿ ಬ್ರಷ್ಷಿನಿಂದ ಇಡೀ ಮಧ್ಯಾಹ್ನ ತಿಕ್ಕಿದೆ. ಎಷ್ಟು ಪದರು ಮಸಿ, ಎಷ್ಟು ಪದರು ಅರಿಶಿನ ಕುಂಕುಮ! ಪ್ರತಿ ಆಯುಧ ಪೂಜೆಗೆ ನೀನು ಬಳಿದದ್ದೆಲ್ಲ ಹೆಪ್ಪುಗಟ್ಟಿ ಕೂತಿತ್ತು. ಅದೆಲ್ಲ ಎದ್ದ ಮೇಲೆ ಪಕ್ಕೆಯ ಮೇಲೆ ಏನೋ ಒತ್ತಿದ ಗುರುತು ಬೆರಳಿಗೆ ಸಿಕ್ಕಿತು. ಅದರ ಮೇಲೆ ಗೋಧಿ ಹಿಟ್ಟು ಒರೆಸಿದೆ, ತಗ್ಗಿನಲ್ಲಿ ಹಿಟ್ಟು ನಿಂತಿತು. ಇಂಗ್ಲಿಷ್ ಅಂಕಿಗಳು, ದೂರ ದೂರ ಬಿಟ್ಟು ಮೂರು. ಒಂದು, ಎರಡು, ಏಳು. ಮೇಲೆ ಅಕ್ಷರಗಳ ಸಾಲೂ ಇತ್ತು, ಆದರೆ ಸವೆದು ಹೋಗಿ ಕೊನೆಯ ಮೂರಷ್ಟೇ ಉಳಿದಿದ್ದವು. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಯೋಚಿಸಿದೆ. ಪಾಳೆಯಗಾರನ ಆನೆಯ ಮೇಲೆ ಬಂದದ್ದಾದರೆ ಇದರ ಮೇಲೆ ಇಂಗ್ಲಿಷ್ ಅಂಕಿ ಯಾಕೆ?

ರಾಣೆಬೆನ್ನೂರಿನ ನಬಿಸಾಬರು ನಿನಗೆ ಗೊತ್ತು. ಹುಡುಗರಿಗೆ ಲೇತ್ ಮಷೀನು ಕಲಿಸಿ ನಿವೃತ್ತಿಯಾದವರು, ನಿನ್ನಿಂದ ಎರಡು ಸಲ ಉಳಿ ಮಾಡಿಸಿಕೊಂಡು ಹೋಗಿದ್ದಾರೆ. ಹಳೆಯ ಹತ್ಯಾರಗಳ ಹುಚ್ಚು ಅವರಿಗೆ, ಮನೆಯ ಹಿತ್ತಿಲ ತುಂಬ ಹಳೆಯ ಉಳಿ, ಸುತ್ತಿಗೆ, ವೈಸು. ಮಾಲತೇಶನ ಟೆಂಪೋದಲ್ಲಿ ಅಡಿಗಲ್ಲು ಹಾಕಿಕೊಂಡು ಅವರ ಮನೆಗೆ ಹೋದೆವು. ಅವರ ಹೆಂಡತಿ ಸಕೀನಾಬಿ ಚಹಾ ತಂದಿಟ್ಟರು, ಅದು ಆರಿ ಕೆನೆಗಟ್ಟಿತು, ಸಾಹೇಬರು ಕಪ್ಪಿನ ಕಡೆ ನೋಡಲಿಲ್ಲ. ಸಣ್ಣ ಸುತ್ತಿಗೆಯಿಂದ ಅಡಿಗಲ್ಲಿನ ಚೂಪು ಮೂಗಿನ ಕಡೆಗೆ ಒಂದು, ಬಾಲದ ಕಡೆಗೆ ಒಂದು, ನಡುವೆ ಒಂದು ತಟ್ಟಿ ಕಿವಿಯಿಟ್ಟು ಕೇಳಿದರು. ಗುಡಿಯ ಗಂಟೆಯಂತೆ ನಿಧಾನವಾಗಿ ಆರುವ ಆ ನಾದ ನಿನಗೂ ಗೊತ್ತು, ನನಗೂ ಗೊತ್ತು. ಆಮೇಲೆ ಒಂದು ಬೇರಿಂಗ್ ಗುಂಡನ್ನು ಮೊಳದೆತ್ತರದಿಂದ ಬಿಟ್ಟರು. ಗುಂಡು ಬಿಟ್ಟ ಕೈಗೇ ವಾಪಸು ಬಂದಷ್ಟು ಪುಟಿಯಿತು. ಸಾಹೇಬರು ನಕ್ಕುಬಿಟ್ಟರು. "ತಂಗೀ, ಭಾಳ ಚಲೋ ಮಾಲು ಇದು. ಆದ್ರ ನಿಮ್ಮಪ್ಪ ಹೇಳೂ ಕಥಿ ಇದರದ್ದಲ್ಲ" ಎಂದರು.

ಅವರು ತೋರಿಸಿದ್ದನ್ನೆಲ್ಲ ನಾನು ಕಣ್ಣಾರೆ ನೋಡಿದೆ, ನೀನೂ ಬಂದು ನೋಡು. ಮೇಲಿನ ಮುಖದ ಅರ್ಧ ಇಂಚು ಕೆಳಗೆ ಸುತ್ತಲೂ ಕೂದಲೆಳೆಯಂಥ ಗೆರೆ ಇದೆ. ಒಡಲು ಮೆತ್ತನೆಯ ಕಬ್ಬಿಣ, ಮುಖ ಮಾತ್ರ ಗಟ್ಟಿ ಉಕ್ಕಿನ ತಗಡು, ಎರಡನ್ನೂ ಕಾಸಿ ಬಡಿದು ಒಂದು ಮಾಡಿದ್ದಾರೆ. ಮೂಗಿನ ಕೆಳಗೆ ಮತ್ತು ಬಾಲದ ಕೆಳಗೆ ಎರಡು ಚೌಕ ತೂತುಗಳಿವೆ. ಅವುಗಳಲ್ಲಿ ಇಲಿ ಗೂಡು ಕಟ್ಟುತ್ತದೆ ಎಂದು ನೀನು ಚಿಂದಿ ತುರುಕಿರುತ್ತಿದ್ದೆಯಲ್ಲ, ಅವೇ. ಮಾಡುವಾಗ ಇಷ್ಟು ದೊಡ್ಡ ಮುದ್ದೆಯನ್ನು ಬೆಂಕಿಯಲ್ಲಿ ತಿರುಗಿಸಲು ಕಂಬಿ ಚುಚ್ಚುವ ಜಾಗವಂತೆ ಅವು. ಹಳೆಯ ಕಾಲದ ನಮ್ಮ ಕಡೆಯ ಅಡಿಗಲ್ಲುಗಳಿಗೆ ಹೀಗೆ ಕೊಂಬಿನಂಥ ಮೂಗು ಇದ್ದದ್ದನ್ನು ಅವರು ಎಲ್ಲೂ ಕಂಡಿಲ್ಲವಂತೆ. ಅವೆಲ್ಲ ಮರದಲ್ಲಿ ಹುಗಿದ ಚೌಕ ಗಡ್ಡೆಗಳು. ಉಳಿದ ಮೂರು ಅಕ್ಷರ ನೋಡಿ, ಪೇಟೆಂಟ್ ಎಂಬುದರ ಬಾಲ ಇರಬೇಕು ಎಂದರು. ಇದು ಇಂಗ್ಲೆಂಡಿನಲ್ಲಿ ತಯಾರಾದದ್ದು. ದೇಶದ ಹೆಸರು ಒತ್ತಿಲ್ಲ, ಆಮೇಲಿನ ಮಾಲಿನ ಮೇಲೆ ಒತ್ತುತ್ತಿದ್ದರು. ಆದ್ದರಿಂದ ನೂರಿಪ್ಪತ್ತು ವರ್ಷಕ್ಕೆ ಕಡಿಮೆಯಿಲ್ಲ, ನೂರೈವತ್ತಕ್ಕೆ ಬಹಳ ಮೇಲೂ ಇಲ್ಲ. ಇಸವಿ ಕೇಳಿದೆ. "ಖಚಿತ ಇಸ್ವಿ ಹೇಳಿದ್ರ ನಾನೂ ನಿಮ್ಮಪ್ಪನಂಗ ಕಥಿ ಹೇಳಿದಂಗ ಆಕ್ಕೇತಿ" ಎಂದರು. ಸಿಟ್ಟಾಗಬೇಡ, ಪ್ರೀತಿಯಿಂದಲೇ ಅಂದದ್ದು.

ಆ ಅಂಕಿಗಳೇ ದೊಡ್ಡ ಸಾಕ್ಷಿ. ನಾವು ದಿನಾ ಎದೆ ಬಗ್ಗಿಸಿ ನಿಲ್ಲುವ ಜಾಗದಲ್ಲಿ ಅದರ ತೂಕ ಬರೆದಿತ್ತು ಅಪ್ಪಾ, ನಮಗೇ ಗೊತ್ತಿರಲಿಲ್ಲ. ಮೊದಲ ಅಂಕಿ ನೂರಾ ಹನ್ನೆರಡು ಪೌಂಡಿನ ಲೆಕ್ಕ, ಎರಡನೆಯದು ಅದರ ಕಾಲುಭಾಗದ ಲೆಕ್ಕ, ಅಂದರೆ ಇಪ್ಪತ್ತೆಂಟು ಪೌಂಡಿನದು, ಮೂರನೆಯದು ಬಿಡಿ ಪೌಂಡು. ಒಂದು, ಎರಡು, ಏಳು ಅಂದರೆ ಒಟ್ಟು ನೂರಾ ಎಪ್ಪತ್ತೈದು ಪೌಂಡು. ಕಿಲೋ ಮಾಡಿದರೆ ಎಪ್ಪತ್ತೊಂಬತ್ತು ಚಿಲ್ಲರೆ. ನಬಿಸಾಬರು ಪೆನ್ನು ಕೆಳಗಿಟ್ಟು, "ನನ್ನ ಮಾತೂ ನಂಬಬ್ಯಾಡ, ತೂಕ ಮಾಡಿ ನೋಡು" ಎಂದರು. ಇಂಥ ಮನುಷ್ಯರ ಮಾತನ್ನು ಹೇಗೆ ನಂಬದಿರಲಿ?

ಆದರೂ ತೂಕ ಮಾಡಿದೆ. ಕೊಕ್ಕೆ ಕೊಡಲು ಹೇಗೂ ಬ್ಯಾಡಗಿಗೆ ಹೋಗುವುದಿತ್ತು. ಮೆಣಸಿನಕಾಯಿಯ ಸುಗ್ಗಿ, ಮಾರ್ಕೆಟ್ಟಿನ ತುಂಬ ಕೆಂಪು ರಾಶಿ, ಕಾಲಿಟ್ಟವರೆಲ್ಲ ಸೀನುತ್ತಿದ್ದರು. ನನ್ನ ಕೊಕ್ಕೆ ಹಿಡಿದು ಕೆಲಸ ಮಾಡುವ ನಾಲ್ಕು ಜನ ಹಮಾಲರು ಅಡಿಗಲ್ಲನ್ನು ಚೀಲ ತೂಗುವ ಕಾಂಟಾದ ಮೇಲೆ ಹಗುರಾಗಿ ಇಳಿಸಿದರು. ಯಾರೋ ಸೀನಿದರು, ಅಂಕಿ ಅಲ್ಲಾಡಿತು. ಎಲ್ಲರೂ ಮೂಗು ಹಿಡಿದುಕೊಂಡು ನಿಂತೆವು. ಎಪ್ಪತ್ತೆಂಟು ಕಿಲೋ ಆರುನೂರು ಗ್ರಾಂ. ಬರೆದ ತೂಕಕ್ಕಿಂತ ಎಂಟುನೂರು ಗ್ರಾಂ ಕಡಿಮೆ. ನಬಿಸಾಬರಿಗೆ ಫೋನು ಮಾಡಿ ಹೇಳಿದೆ. "ಅಂಚು ಹಾರ್ಯಾವಲ್ಲ, ನಡು ತಗ್ಗು ಬಿದ್ದೈತೆಲ್ಲ, ಅದ ಅದು. ನೀವೆಲ್ಲ ಬಡದು ಬಡದು ಸವಸೀರಿ" ಎಂದರು. ಎಂಟುನೂರು ಗ್ರಾಂ ಉಕ್ಕು, ಅಪ್ಪಾ. ಅದರಲ್ಲಿ ನಿನ್ನದೆಷ್ಟು, ನನ್ನದೆಷ್ಟು ಎಂದು ಯಾವ ಕಾಂಟಾ ಹೇಳೀತು? ಮಾರ್ಕೆಟ್ಟಿನಲ್ಲಿ ಅಷ್ಟು ಜನರ ನಡುವೆ ನನ್ನ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಎಂದೆ, ಎಲ್ಲರೂ ನಂಬಿದರು.

ನಬಿಸಾಬರು ತಮ್ಮ ಕೈಯಾರೆ ಒಂದು ಹಾಳೆಯಲ್ಲಿ ಇದನ್ನೆಲ್ಲ ಬರೆದು ಸಹಿ ಹಾಕಿಕೊಟ್ಟಿದ್ದಾರೆ. ಝೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಇಂಗ್ಲೆಂಡಿನಿಂದ ನಮ್ಮ ಸೀಮೆಗೆ ಹೇಗೆ ಬಂತು, ಅಲ್ಲಿಂದ ನಮ್ಮ ಮನೆಗೆ ಹೇಗೆ ಬಂತು ಎಂಬುದು ಮಾತ್ರ ಅವರಿಗೂ ಗೊತ್ತಿಲ್ಲ. ರೈಲು ದಾರಿ ಹಾಕಿದ ಕಾಲದಲ್ಲಿ, ಇಲ್ಲವೇ ಅರಳೆ ಕಾರ್ಖಾನೆಗಳಿಗೆ ಇಂಥ ಮಾಲು ಹಡಗಿನಲ್ಲಿ ಬರುತ್ತಿತ್ತು ಎಂದಷ್ಟೇ ಅವರ ಅಂದಾಜು.

ಇನ್ನು ವೀರೇಂದ್ರನ ಸುದ್ದಿ. ನಿನ್ನ ಸಂಘದ ಕಾರ್ಯದರ್ಶಿ, ಹಾವೇರಿಯ ಹಾರ್ಡ್‌ವೇರ್ ಅಂಗಡಿಯವನು, ನಿನಗೆ ಹಾರ ಹಾಕಿದವನು. ಅವನಿಗೆ ನಾನೇ ಫೋನು ಮಾಡಿ ಎಲ್ಲ ಹೇಳಿದೆ, ನಬಿಸಾಬರ ಹಾಳೆಯ ಫೋಟೋ ಕಳಿಸಿದೆ. ಮುಚ್ಚಿಡುವುದು ನನಗೆ ಬರುವುದಿಲ್ಲ. ಅವನು ಸುಮ್ಮನಾದಾನು ಎಂದುಕೊಂಡಿದ್ದೆ. ಈ ತಿಂಗಳ ಮೂರನೇ ತಾರೀಖು ಬೆಳಿಗ್ಗೆ ಎಂಟಕ್ಕೆ ಒಂದು ಗಾಡಿ ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದ. ಜೊತೆಗೆ ಇಬ್ಬರು ಗಂಡಾಳು. ಒಬ್ಬನ ಕೈಯಲ್ಲಿ ಗ್ರೈಂಡರ್ ಮಷೀನು. ನಾನು ಬೆಂಕಿ ಹಚ್ಚಿ ಆಗಿತ್ತು. ಬಿಳಿಜೋಳದ ಕೊಯ್ಲು ನಡೆದಿದೆಯಲ್ಲ, ಕುಪ್ಪೇಲೂರಿನ ಕರೆವ್ವ ತನ್ನ ಗುಂಪಿನ ಹೆಣ್ಣಾಳುಗಳ ಹನ್ನೊಂದು ಕುಡುಗೋಲು ತಟ್ಟಿಸಲು ಮೊದಲ ಬಸ್ಸಿಗೇ ಬಂದು ಕೂತಿದ್ದಳು. ವೀರೇಂದ್ರ ನಗುನಗುತ್ತಲೇ ಒಳಗೆ ಬಂದ.

"ಅಕ್ಕಾರ, ನಾನೂರೋ ನೂರೋ, ನೋಡಾಕ ಬಂದ ಮಂದಿಗೆ ಏನ ಗೊತ್ತಾಗತೈತ್ರಿ? ಹೆಸರಿನ ಕಲ್ಲು ಕೆತ್ತಿಸಿ ಆಗೇತಿ. ಆ ನಂಬರಿನ ಮ್ಯಾಲ ಒಂದ ಸಲ ಗ್ರೈಂಡರ್ ಆಡಿಸಿಬಿಟ್ರ ಮುಗೀತು. ನಿಮಗ ಹೊಸಾದೊಂದು ಕೊಡಸತೇವಿ" ಎಂದ.

ಅವನ ಅಂಗಡಿಯ ಹೊಸ ಅಡಿಗಲ್ಲನ್ನು ನಾನು ನೋಡಿದ್ದೇನೆ ಅಪ್ಪಾ. ಎರಕ ಹೊಯ್ದದ್ದು. ತಟ್ಟಿದರೆ ಒಡೆದ ಗಡಿಗೆಯ ಸದ್ದು. ಎರಡು ಮಳೆಗಾಲ ತಡೆಯುವುದಿಲ್ಲ. ಆದರೆ ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. "ಅಳಸಾಕ ಬಂದೀರಿ ಅಂದಮ್ಯಾಲ ಖರೇ ಯಾವುದು ಅಂತ ನಿಮಗೂ ಗೊತ್ತಾತಲ್ರಿ" ಎಂದೆ.

ಅವನ ನಗು ಆರಿತು. "ನಿಮ್ಮಪ್ಪಾರು ಸಭಾದಾಗ ಕೊಟ್ಟ ಮಾತು ಐತಿ. ನಡುವ ಹೆಣ್ಣಮಕ್ಕಳು ಬಾಯಿ ಹಾಕಬಾರದು" ಎಂದು ಆಳುಗಳಿಗೆ ಕಣ್ಸನ್ನೆ ಮಾಡಿದ.

"ನಾ ಬಾಯಿ ಹಾಕಾಕತ್ತಿಲ್ರಿ, ಕಬ್ಬಿಣ ಹಾಕಾಕತ್ತೇನಿ. ಸರೀರಿ, ಕಿಡಿ ಸಿಡೀತಾವ" ಎಂದು ಬೆಂಕಿಯಿಂದ ಕೆಂಡದಂಥ ಕುಡುಗೋಲನ್ನು ಇಕ್ಕಳದಲ್ಲಿ ಎಳೆದು ಅಡಿಗಲ್ಲಿನ ಮೇಲಿಟ್ಟೆ. ಬಡಿಯಲು ಶುರು ಮಾಡಿದೆ. ಅದು ಆರುವ ಮೊದಲೇ ಇನ್ನೊಂದು ಬೆಂಕಿಯಲ್ಲಿ ಕಾದಿರುತ್ತಿತ್ತು. ಒಂದು ತೆಗೆದರೆ ಇನ್ನೊಂದು. ಬೆಂಕಿಯ ಮುಂದೆ ನಿಂತ ಹೆಂಗಸಿನ ಕೈಯ ಕೆಳಗಿನಿಂದ ಕಾದ ಅಡಿಗಲ್ಲನ್ನು ಯಾರು ಎತ್ತಿಯಾರು? ಆಳುಗಳು ಗ್ರೈಂಡರ್ ಹಿಡಿದು ನಿಂತೇ ಇದ್ದರು. ಕರೆವ್ವ ನಿಧಾನಕ್ಕೆ ಎದ್ದು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರಿಗೂ ನನಗೂ ನಡುವೆ ಕಾಲು ಚಾಚಿ ಕೂತಳು. "ನಮ್ಮ ಹನ್ನೊಂದು ಕುಡಗೋಲು ಮುಗಿಯೂತನಕ ಇದು ಎಲ್ಲಿಗೂ ಹೋಗಂಗಿಲ್ಲ. ನಾಳಿ ಜ್ವಾಳ ಕೊಯ್ಯಾಕ ನಿಮ್ಮ ಸಂಘದವ್ರು ಬರ್ತಾರೇನು?" ಎಂದಳು. ಅಷ್ಟರಲ್ಲಿ ಇನ್ನೂ ನಾಲ್ಕು ಜನ ಬಂದರು, ಒಬ್ಬನ ಕೈಯಲ್ಲಿ ಗುದ್ದಲಿ, ಒಬ್ಬನ ಕೈಯಲ್ಲಿ ಕೊಡಲಿ. ಯಾರಿಗೂ ನಾನು ಹೇಳಿ ಕಳಿಸಿರಲಿಲ್ಲ, ಅವರ ಕೆಲಸಕ್ಕೆ ಅವರು ಬಂದದ್ದು. ಏನಾಗಿದೆಯೆಂದು ಕರೆವ್ವನೇ ಹೇಳಿದಳು. ಅವರೂ ಅವಳ ಪಕ್ಕದಲ್ಲಿ ಕೂತರು. ಬಿಸಿಲು ನೆತ್ತಿಗೆ ಬರುವವರೆಗೆ ನಾನು ಕೈ ನಿಲ್ಲಿಸಲಿಲ್ಲ. ನಡುವೆ ಒಂದು ಸಲ ಅವ್ವ ಬಂದು ನನ್ನ ಬಾಯಿಗೆ ನೀರು ಹಾಕಿ, ವೀರೇಂದ್ರನಿಗೂ ಒಂದು ಚೊಂಬು ಕೊಟ್ಟು ಹೋದಳು. ಮನೆಗೆ ಬಂದವರಲ್ಲವೇ.

ಕೊನೆಗೆ ಅವನು ಹೊರಟ. ಹೊಸ್ತಿಲ ಮೇಲೆ ನಿಂತು, "ಇಪ್ಪತ್ಮೂರಕ್ಕ ಹಾಲಿನ ಉದ್ಘಾಟನಾ ಐತಿ. ನಿಮ್ಮಪ್ಪಾರ ಬಾಯಿಂದ ಅಲ್ಲೇ ಹೇಳಸತೇನಿ, ಅಡಿಗಲ್ಲು ನಮ್ಮದು, ನಾನೂರು ವರ್ಸದ್ದು ಅಂತ" ಎಂದು ಹೇಳಿ ಹೋದ. ಅವತ್ತು ಸಂಜೆ ನನ್ನ ಅಂಗೈ ನೋಡಿಕೊಂಡೆ, ಎರಡು ಬೊಬ್ಬೆ ಎದ್ದಿದ್ದವು. ಹದಿನೆಂಟು ವರ್ಷದ ಹಿಂದೆ ನೀನು ಮೊದಲ ಸಲ ದೊಡ್ಡ ಸುತ್ತಿಗೆ ಕೊಟ್ಟಾಗ ಎದ್ದಿದ್ದವು, ಆಮೇಲೆ ಇದೇ.

ಈಗ ನನ್ನ ನಿರ್ಧಾರ ಕೇಳು. ಇಪ್ಪತ್ಮೂರನೇ ತಾರೀಖು ರವಿವಾರ ನಾನೂ ಹಾವೇರಿಗೆ ಹೋಗುತ್ತೇನೆ. ನಬಿಸಾಬರ ಹಾಳೆ ಕೈಯಲ್ಲಿರುತ್ತದೆ. ಮೈಕು ಕೊಟ್ಟರೆ ಮೈಕಿನಲ್ಲಿ, ಕೊಡದಿದ್ದರೆ ಕುರ್ಚಿಯ ಮೇಲೆ ನಿಂತು ಹೇಳುತ್ತೇನೆ. ಈ ಅಡಿಗಲ್ಲು ಪಾಳೆಯಗಾರರದ್ದಲ್ಲ, ಇದರ ಮೇಲೆ ಕತ್ತಿ ಮಾಡಿದವರು ಯಾರೂ ಇಲ್ಲ, ಕುಡುಗೋಲು ಮಾಡಿದವರು ಇದ್ದಾರೆ, ಇನ್ನೂ ಮಾಡುತ್ತಿದ್ದಾರೆ, ಆದ್ದರಿಂದ ಇದು ಗಾಜಿನ ಪೆಟ್ಟಿಗೆಗೆ ಹೋಗುವುದಿಲ್ಲ. ನಿನಗೆ ಅವಮಾನವಾಗುತ್ತದೆ ಎಂದು ಮಾಲತೇಶ ಹೇಳುತ್ತಾನೆ. ನಿನಗೆ ಈ ಕಥೆ ಯಾರು ಹೇಳಿದರೋ, ಅವರಿಗೆ ಯಾರು ಹೇಳಿದ್ದರೋ, ಅದನ್ನು ನಂಬಿದ್ದು ನಿನ್ನ ತಪ್ಪಲ್ಲ. ಆದರೆ ಗೊತ್ತಾದ ಮೇಲೂ ಹೇಳಿದರೆ ಅದು ನಮ್ಮಿಬ್ಬರ ತಪ್ಪು. ನನ್ನ ಅಕ್ಕಪಕ್ಕ ಹತ್ತು ಜನ ಇದ್ದರೂ ಇದನ್ನೇ ಹೇಳುತ್ತೇನೆ, ಯಾರೂ ಇಲ್ಲದಿದ್ದರೂ ಇದನ್ನೇ.

ಅತ್ತೆಗೆ, ಮಾವನಿಗೆ ನನ್ನ ನಮಸ್ಕಾರ ತಿಳಿಸು. ಅವರ ಸೊಸೆ ಅಂಜಲಿಗೆ ಎಷ್ಟನೇ ತಿಂಗಳೆಂದು ಫೋನಿನಲ್ಲಿ ಸರಿಯಾಗಿ ಕೇಳಲಿಲ್ಲ, ಅವಳಿಗೆ ನನ್ನ ಆಶೀರ್ವಾದ. ಅವ್ವ ಎಳ್ಳು ಹೋಳಿಗೆ ಮಾಡಿದ್ದಳು, ನಿನ್ನ ಪಾಲಿನ ಎರಡು ಡಬ್ಬಿಯಲ್ಲಿವೆ. ನಿನ್ನ ಮೊಣಕಾಲು, ನಿನ್ನ ಸಕ್ಕರೆ, ನಿನ್ನ ಸಿಟ್ಟು ಮೂರೂ ಇಳಿಯಲಿ ಎಂದು ದಿನಾ ದೀಪ ಹಚ್ಚುವಾಗ ಬೇಡಿಕೊಳ್ಳುತ್ತೇನೆ.

ನಿನಗೆ ಎದುರು ಮಾತಾಡಿದವಳೂ, ನಿನ್ನಿಂದಲೇ ಸುತ್ತಿಗೆ ಹಿಡಿಯಲು ಕಲಿತವಳೂ ಆದ
ಅರುಣಾ

ತಾ.ಕ. ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಟಪಾಲು ಗಾಡಿ ಬರುವ ಹೊತ್ತಾಯಿತು. ಈಗಷ್ಟೇ ನೀನು ಗುಡಿಗೆ ಹೋದ ಸಮಯ ನೋಡಿ ಅತ್ತೆ ಫೋನು ಮಾಡಿದ್ದಳು. ನಾನು ತೂಕದ ಸುದ್ದಿ ಹೇಳಿದೆ. ಅದಕ್ಕವಳು, "ಅದು ಗಾಡ್ಯಾಗ ಬಂದಾಗ ನಿಮ್ಮಪ್ಪಗ ಹತ್ತ ವರ್ಸ, ನನಗ ಏಳು. ರಾಣೆಬೆನ್ನೂರಿಂದ ಊರತನಕ ಗಾಡಿ ಹಿಂದ ನಡಕೊಂತ ಬಂದೀವಿ. ಅವ ದಾರಿತುಂಬ ಕಲ್ಲಿನ ಹಳ್ಳು ತಗೊಂಡು ಅದಕ್ಕ ಬಡದು ನಾದ ಕೇಳಕೊಂತ ಬಂದ" ಎಂದಳು. ಅಜ್ಜ ಶಂಕ್ರಪ್ಪ ಅರಳೆ ಕಾರ್ಖಾನೆಯ ಕುಲುಮೆಯಲ್ಲಿ ಹದಿನೆಂಟು ವರ್ಷ ದುಡಿದದ್ದು, ಕಾರ್ಖಾನೆ ಮುಚ್ಚುವ ದಿನ ಮಾಲೀಕ ಬೆಳ್ಳಿ ಲೋಟ ಕೊಡಲು ಬಂದದ್ದು, ಅಜ್ಜ ಲೋಟ ಬೇಡವೆಂದು ಈ ಅಡಿಗಲ್ಲನ್ನು ಕೇಳಿದ್ದು, ಎಲ್ಲ ಹೇಳಿದಳು. ಅಂದರೆ ನಿನಗೆ ಗೊತ್ತಿತ್ತು. ಯಾರೂ ನಿನಗೆ ಕಥೆ ಹೇಳಲಿಲ್ಲ, ಕಥೆ ಕಟ್ಟಿದವನೇ ನೀನು.

ಯಾಕೆ ಎಂದೂ ಹೇಳಿದಳು. ನಿನಗೆ ಇಪ್ಪತ್ತೊಂದು ವರ್ಷ, ಗೌಡರ ವಾಡೆಗೆ ನೇಗಿಲ ಕುಳ ಕೊಡಲು ಹೋಗಿ ಬಿಸಿಲಲ್ಲಿ ನಿಂತಿದ್ದೆಯಂತೆ. ಪಟ್ಟಣದಿಂದ ಬಂದ ಯಾರೋ ದೊಡ್ಡವರು ಇವನಾರು ಎಂದರೆ, ಗೌಡರು "ಯಾರಿಲ್ಲರಿ, ಕಬ್ಬಿಣ ಬಡಿಯಾವ" ಎಂದರಂತೆ. ಆಗ ನಿನ್ನ ಬಾಯಿಂದ ಬಂತಂತೆ, ನಮ್ಮ ಅಡಿಗಲ್ಲಿನ ಮೇಲೆ ಪಾಳೆಯಗಾರನ ಕತ್ತಿ ಆಗಿವೆ ಎಂದು. ಬಂದವರು ಮೆಚ್ಚಿ ನಿನ್ನನ್ನು ಮೇಲೆ ಕರೆದರು, ಕುರ್ಚಿ ಹಾಕಿದರು, 'ಕಬ್ಬಿಣ ಬಡಿಯಾವ'ನ ಕೈಗೆ ಕಪ್ಪು-ಬಸಿಯಲ್ಲಿ ಚಹಾ ಕೊಟ್ಟರು. "ಆಮ್ಯಾಲ ಅವಗ ಅದನ್ನ ಬಿಡಾಕ ಆಗಲಿಲ್ಲಬೇ" ಎಂದಳು ಅತ್ತೆ. ನಿನಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಳು. ನಾನು ಆಣೆ ಮುರಿಯುತ್ತಿದ್ದೇನೆ, ಅವಳ ಮೇಲೆ ಸಿಟ್ಟಾಗಬೇಡ.

ಮೇಲೆ ಬರೆದ ಒಂದು ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ, ಒಂದೇ ಒಂದನ್ನು. ಇಪ್ಪತ್ಮೂರಕ್ಕೆ ನಾನು ಮಾತಾಡುವುದಿಲ್ಲ. ಅಜ್ಜನ ಹೆಸರನ್ನು ಆ ಮೈಕಿನಲ್ಲಿ ಹೇಳಬೇಕಾದವನು ನೀನು, ಬೆಳ್ಳಿ ಬೇಡವೆಂದು ಕಬ್ಬಿಣ ತಂದವನ ಮಗ. ಶನಿವಾರ ಮಧ್ಯಾಹ್ನ ಮಾಲತೇಶನ ಟೆಂಪೋ ಅತ್ತೆಯ ಮನೆಯ ಮುಂದೆ ನಿಲ್ಲುತ್ತದೆ. ಹತ್ತುವ ಮನಸ್ಸಿಲ್ಲದಿದ್ದರೆ ಖಾಲಿ ಕಳಿಸು, ಆಗ ನಾನೂ ಹೋಗುವುದಿಲ್ಲ, ನಿನ್ನ ಗುಟ್ಟು ನನ್ನ ಬಾಯಿಂದ ಹೊರಗೆ ಬೀಳುವುದಿಲ್ಲ. ಅಡಿಗಲ್ಲು ಮಾತ್ರ ಇಲ್ಲಿಂದ ಅಲ್ಲಾಡುವುದಿಲ್ಲ, ನೀನೇ ಬಂದು ಎತ್ತಿದರೂ ಕೊಡುವುದಿಲ್ಲ.

ಹಾಸಿಗೆಯನ್ನು ಅಟ್ಟದಿಂದ ಇಳಿಸು ಎಂದು ಅವ್ವನಿಗೆ ನಾನೇ ಹೇಳುತ್ತೇನೆ. ಕತ್ತಿಯ ಕಥೆ ಹೇಳದಿದ್ದರೂ ಈ ಮನೆಯಲ್ಲಿ ನಿನಗೆ ಕುರ್ಚಿ ಇದೆ ಅಪ್ಪಾ. ಬಾ.